ನಾನೂರ ಹನ್ನೆರಡು ರೈಟ್ ಮಾರ್ಕು

ಡಾಕ್ಟರ್ ನಿರಂಜನ್ ಅವರ ಕ್ಲಿನಿಕ್ಕಿನಲ್ಲಿ ಔಷಧಿ ಬರೆಯುವುದು ಡಾಕ್ಟರು, ಮಿಕ್ಕಿದ್ದೆಲ್ಲ ಬರೆಯುವುದು ಆರೋಗ್ಯಮೇರಿ. ಇಪ್ಪತ್ತಾರು ವರ್ಷದಿಂದ, ಅಂದರೆ ಡಾಕ್ಟರ ತಂದೆಯ ಕಾಲದಿಂದಲೂ, ಲಕ್ಷ್ಮೀಪುರಂನ ಆ ಕ್ಲಿನಿಕ್ಕಿನ ಬಾಗಿಲ ಬಳಿ ಕೂತು ಟೋಕನ್ ಕೊಡುವವಳು ಅವಳೇ. ಪಿಂಚಣಿ ಅರ್ಜಿಯೋ, ಬ್ಯಾಂಕಿನ ಫಾರಮ್ಮೋ, ರೇಷನ್ ಕಾರ್ಡಿನ ತಿದ್ದುಪಡಿಯೋ, ಯಾರು ಏನು ತಂದು "ಮೇರಮ್ಮ, ಒಸಿ ಬರ್ದ್‌ಕೊಡಿ" ಎಂದರೂ ಅವಳ ನೀಲಿ ಪೆನ್ನು ಹೊರಬರುತ್ತಿತ್ತು. ಏನು ಬರೆದಳೆಂದು ಒಬ್ಬರೂ ಕೇಳುತ್ತಿರಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ಅವರು ತಿಳಿದಿದ್ದರು, ಮೇರಿಯೂ ತಿಳಿದಿದ್ದಳು. ಎಡವಟ್ಟಾದದ್ದು ಅಲ್ಲೇ.

ದೀಪಾವಳಿ ಕಳೆದ ಮೇಲೆ ಕ್ಲಿನಿಕ್ಕಿನ ಹಳೆಯ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಹೋದವು. ಕಂಪ್ಯೂಟರಿನ ಪ್ರೋಗ್ರಾಂ ಕೊಟ್ಟ ಕಂಪನಿಯವರು ರೋಗಿಗೊಂದರಂತೆ ಫಾರಂಗಳ ಕಟ್ಟನ್ನೂ ಕಳಿಸಿದ್ದರು. ಕೊನೆಯ ಸಾಲು, "ನನ್ನ ವಿವರಗಳನ್ನು ಇತರ ಸಂಸ್ಥೆಗಳಿಗೆ ಕೊಡಲು ಒಪ್ಪಿಗೆ ಇದೆ." ಪಕ್ಕದಲ್ಲಿ ಎರಡು ಚೌಕ, ಹೌದು, ಇಲ್ಲ. "ಒಬ್ಬೊಬ್ಬರನ್ನೂ ಕೇಳಿ ಹಾಕಿಸಿ, ಮೇರಮ್ಮ" ಎಂದಿದ್ದರು ಡಾಕ್ಟರು. ನಾನೂರು ಚಿಲ್ಲರೆ ಜನರನ್ನು ಕೇಳುತ್ತ ಕೂತರೆ ಟೋಕನ್ ಕೊಡುವುದು ಯಾವಾಗ? ಕೇಳಿದರೂ ಅವರಿಗೇನು ಅರ್ಥವಾದೀತು? ಎರಡು ಮಧ್ಯಾಹ್ನ ಕೂತು ನಾನೂರ ಹನ್ನೆರಡು ಫಾರಂಗೂ "ಹೌದು" ಎಂಬಲ್ಲಿ ರೈಟ್ ಮಾರ್ಕು ಹಾಕಿಬಿಟ್ಟಳು. ಬಂದವರಿಗೆ "ಇಲ್ಲೊಂದು ಸೈನು" ಎಂದಳು, ಹಾಕಿದರು. ನಾನೂರ ಹದಿಮೂರನೆಯ ಫಾರಂ ಒಂದಿತ್ತು. ಅದರ ವಿಷಯ ಆಮೇಲೆ.

ಎರಡು ತಿಂಗಳು ಕಳೆದಿರಬೇಕು, ದೇವರಾಜ ಮೊಹಲ್ಲಾದಲ್ಲಿ ಹೂವು ಮಾರುವ ಪುಟ್ಟತಾಯಮ್ಮ ಟೋಕನ್ನೂ ಕೇಳದೆ ಮೇಜಿನ ಮುಂದೆ ಬಂದು ನಿಂತಳು.

"ಯಾವ್ದೋ ಔಷಧಿ ಕಂಪ್ನಿಯಿಂದ ಫೋನ್ ಬಂದಿತ್ತು ಕಣಮ್ಮ. ನನ್ ಸೊಸೆ ಗಗನ ಎತ್ಕೊಂಡ್ಳು. 'ನಿಮ್ಮತ್ತೆ ಶುಗರ್‌ಗೆ ಹೊಸ ಮಾತ್ರೆ ಬಂದದೆ' ಅಂದ್ರಂತೆ. ಆರು ವರ್ಷ ಮನೇಲಿ ಒಬ್ರಿಗೂ ಹೇಳಿರ್ನಿಲ್ಲ ನಾನು. ನೆನ್ನೆ ಹಬ್ಬದ ದಿನ ಎಲ್ರ ಎಲೆಗೂ ಹೋಳ್ಗೆ ಬಿತ್ತು, ನನ್ನೆಲೆಗೆ ಪಲ್ಯ. ಯಾರಮ್ಮ ಹೇಳಿದ್ದು ಅವ್ರಿಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇರಿಯ ಕೈ ತಾನಾಗಿಯೇ ನೀಲಿ ಪೆನ್ನಿನ ಮೇಲೆ ಹೋಯಿತು. ಪುಟ್ಟತಾಯಮ್ಮನಿಗೆ ಹೋಳಿಗೆ ತಪ್ಪಿದ್ದು ನಗುವ ವಿಷಯವಲ್ಲ. ಆರು ವರ್ಷ ತನ್ನದೆಂದು ಇಟ್ಟುಕೊಂಡದ್ದನ್ನು ಯಾರೋ ಬೀದಿಗೆ ತಂದಿದ್ದರು. ಆ ಯಾರೋ ತಾನೇ ಎಂದು ಮೇರಿಗೆ ಗೊತ್ತಾಯಿತು.

ಅಂದೇ ಡಾಕ್ಟರಿಗೆ ಹೇಳಿದಳು. ಅವರು ತಲೆ ಹಿಡಿದುಕೊಂಡರು. "ನಾನೂ ನೋಡದೆ ಕಳಿಸಿಬಿಟ್ಟೆನಲ್ಲ" ಎಂದು ತಮ್ಮನ್ನೇ ಬೈದುಕೊಂಡರು. ವಿವರ ಕೊಡುವುದನ್ನು ನಿಲ್ಲಿಸಿ, ಕೊಟ್ಟದ್ದನ್ನು ಅಳಿಸಿ ಎಂದು ಪ್ರೋಗ್ರಾಂ ಕೊಟ್ಟ ಕಂಪನಿಗೆ ಕಾಗದ ಬರೆದರು. ಆಮೇಲೆ ಮೆಲ್ಲಗೆ, "ಎಲ್ಲರಿಗೂ ಒಂದೊಂದು ಫೋನ್ ಮಾಡಿ ಸರಿಮಾಡಿಬಿಡೋಣ, ಮೇರಮ್ಮ. ದೊಡ್ಡದು ಮಾಡೋದು ಬೇಡ" ಎಂದರು.

"ಗುಟ್ಟಾಗಿ ಹಾಕಿದ್ದು ಸಾರ್. ಗುಟ್ಟಾಗಿ ಅಳಿಸಿದ್ರೆ ಇನ್ನೊಂದ್ ತಪ್ಪಾಯ್ತದೆ. ಎಲ್ರನ್ನೂ ಕರೀರಿ. ನಾನೇ ಹೇಳ್ತೀನಿ."

ಹೇಳಿದ್ದೇನೋ ಹೇಳಿದಳು. ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ನೇರ ಬಂದವಳಿಗೆ ಕ್ಲಿನಿಕ್ಕಿನ ಮುಂದಿನ ಶಾಮಿಯಾನ ಕಂಡು ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ನೂರು ಕುರ್ಚಿ ಹಾಕಿಸಿದ್ದರು, ಸಾಲದೆ ಜನ ಕಾಂಪೌಂಡಿನ ಮೇಲೆ ಹತ್ತಿ ಕೂತಿದ್ದರು. ಬ್ಯಾಗಿನಲ್ಲಿ ರಾಜೀನಾಮೆ ಪತ್ರ ಮಡಿಸಿಟ್ಟುಕೊಂಡಿದ್ದಳು. ಈ ಜನ ಇನ್ನು ತನ್ನನ್ನು ನಂಬುವುದಿಲ್ಲವೆಂದರೆ ಆ ಕುರ್ಚಿಯಲ್ಲಿ ಕೂರುವ ಮುಖ ಅವಳಿಗಿರಲಿಲ್ಲ. ಭಯವಿತ್ತು, ಸುಳ್ಳೇಕೆ. ಆದರೂ ಇಪ್ಪತ್ತಾರು ವರ್ಷದಲ್ಲಿ ಇವರೆಲ್ಲ ಕಾಯಿಲೆಯ ನೆಪವಿಲ್ಲದೆ ಒಂದು ಕಡೆ ಸೇರಿದ್ದು ಇದೇ ಮೊದಲು. ಗಲಗಲ ಮಾತು, ಕಾಫಿಯ ವಾಸನೆ. ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಮೈಕು ಹಿಡಿದು ಮೂರೇ ಮಾತಿನಲ್ಲಿ ಹೇಳಿ ಮುಗಿಸಿದಳು. "ಆ ರೈಟ್ ಮಾರ್ಕು ನಾನು ಹಾಕಿದ್ದು. ನಿಮ್ಮನ್ನ ಕೇಳ್ಲಿಲ್ಲ. ತಪ್ಪಾಯ್ತು."

ಶಾಮಿಯಾನದಡಿ ಒಮ್ಮೆಲೇ ಗದ್ದಲ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯೂನಿಯನ್ ನಡೆಸಿ ನಿವೃತ್ತನಾದ ಬಸವರಾಜು ಎದ್ದು ನಿಂತ. ಮೈಕು ಕಂಡರೆ ಅವನ ಬಿ.ಪಿ. ತಾನೇ ಇಳಿಯುತ್ತದೆ. "ಎಲ್ಲೆಲ್ಲಿಗೆ ಹೋಗಿದೆ ನಮ್ ವಿವರ? ಪಟ್ಟಿ ಬೇಕು. ಬಾಯ್ಮಾತು ಬೇಡ, ಬೋರ್ಡ್‌ಗೆ ಹಾಕಿ" ಎಂದ. ಜನ ಚಪ್ಪಾಳೆ ಹೊಡೆದರು. ಡಾಕ್ಟರು ಗೊತ್ತಿದ್ದ ನಾಲ್ಕು ಕಂಪನಿಗಳ ಹೆಸರನ್ನು ಅಲ್ಲೇ ಬೋರ್ಡಿನ ಮೇಲೆ ಬರೆದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದರು. ಇನ್ನು ಆ ಬೋರ್ಡು ಬಾಗಿಲಲ್ಲೇ ಇರುತ್ತದೆ, ಪ್ರತಿ ತಿಂಗಳೂ ಹೊಸದಾಗಿ ಬರೆಯುತ್ತೇನೆ ಎಂದರು. ಅವರೇ ಮಾಡಿಸಿ ತಂದಿದ್ದ ಹೊಸ ಫಾರಮ್ಮಿನಲ್ಲಿ ಎರಡು ಪ್ರಶ್ನೆ ಇದ್ದವು. ಹೆಸರು, ನಂಬರು ತೆಗೆದು ಬರೀ ಕಾಯಿಲೆಯ ವಿವರವನ್ನು ಸಂಶೋಧನೆಗೆ ಕೊಡಬಹುದೇ? ಹೆಸರು, ನಂಬರು ಸಮೇತ ಹೊರಗಿನವರಿಗೆ ಕೊಡಬಹುದೇ?

ಆಗ ಪುಟ್ಟತಾಯಮ್ಮ ಎದ್ದಳು. "ಮೇರಮ್ಮ, ನೀವೂ ಇಲ್ಲೇ ಬಿ.ಪಿ. ತೋರ್ಸೋದಲ್ವಾ? ನಿಮ್ ಫಾರಮ್ಗೆ ಏನ್ ಹಾಕ್ಕೊಂಡ್ರಿ?"

ನಾನೂರ ಹದಿಮೂರನೆಯದು ಅದೇ. ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇರಿ ಮೈಕನ್ನು ಮತ್ತೆ ಬಾಯಿಗೆ ಹಿಡಿದಳು.

"ಇಲ್ಲ ಅಂತ ಹಾಕ್ಕೊಂಡೆ. ಅದೊಂದನ್ನ ಮಾತ್ರ ಓದಿದ್ದೆ."

ಮೇರಿಯ ಕೈ ಬ್ಯಾಗಿನೊಳಗೆ ಹೋಗಿ ಪತ್ರವನ್ನು ಹಿಡಿದುಕೊಂಡಿತು.

ಪುಟ್ಟತಾಯಮ್ಮ ಕುರ್ಚಿಗಳ ಸಂದಿಯಲ್ಲಿ ಜನರನ್ನು ಸರಿಸುತ್ತ ಮುಂದೆ ಬಂದಳು, ಮೇಜಿನ ಮುಂದೆ ಕೂತಳು. "ಓದ್ದೆ ಹೋದ್ರೆ ಹೌದು, ಓದುದ್ರೆ ಇಲ್ಲ. ಅಂಗಾರೆ ನಂಗೂ ಓದಿ ಹೇಳಿ. ಮಾರ್ಕು ನಾನ್ ಹಾಕ್ತೀನಿ."

"ಇನ್ನೂ ನಾನೇ ಓದ್ಬೇಕಾ?" ಎಂದಳು ಮೇರಿ.

"ಇನ್ಯಾರು ಓದಾರು? ಅಕ್ಷರ ನಿಮ್ದು, ಕೈ ನಂದು."

ಮೇರಿ ಮೊದಲ ಪ್ರಶ್ನೆಯನ್ನು ನಿಧಾನವಾಗಿ, ಎರಡು ಸಲ ಓದಿದಳು. ಪುಟ್ಟತಾಯಮ್ಮ ಯೋಚಿಸಿದಳು. "ಹೆಸ್ರಿಲ್ದೆ ಆದ್ರೆ ಕೊಡ್ಲಿ, ನಾಕ್ ಜನಕ್ಕೆ ಒಳ್ಳೇದಾಗ್ಲಿ. ಫೋನ್ ನಂಬ್ರ ಮಾತ್ರ ಕೂಡ್ದು. ನಾನು ಹೂವ ಮಾರ್ತೀನಿ, ಬುಟ್ಟಿ ಮಾರಲ್ಲ." ಇಷ್ಟು ಸರಳವಾಗಿ ಎರಡನ್ನೂ ಬೇರೆ ಮಾಡಿದವಳಿಗೆ ಏನೂ ಅರ್ಥವಾಗದೆಂದು ತಾನು ಅಂದುಕೊಂಡಿದ್ದೆನಲ್ಲ ಎಂದು ಮೇರಿಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಹಿಂದೆ ಆಗಲೇ ಸಾಲು ಗೇಟಿನವರೆಗೆ ಬೆಳೆದಿತ್ತು.

ನೀಲಿ ಪೆನ್ನು ಪುಟ್ಟತಾಯಮ್ಮನ ಕೈಗೆ ಬಂತು. ಚೌಕದಲ್ಲಿ ಒತ್ತಿದಳು, ಪೆನ್ನು ಬರೆಯಲಿಲ್ಲ.

"ಗೀಚಕ್ಕೆ ಒಂದ್ ಪೇಪರ್ ಕೊಡಿ."

ಮೇಜಿನ ಮೇಲೆ ಫಾರಂಗಳನ್ನು ಬಿಟ್ಟರೆ ಬೇರೆ ಕಾಗದವಿರಲಿಲ್ಲ. ಮೇರಿ ಬ್ಯಾಗಿನಿಂದ ಮಡಿಸಿದ ಪತ್ರವನ್ನು ತೆಗೆದು ಬಿಡಿಸಿ ಕೊಟ್ಟಳು. ಪುಟ್ಟತಾಯಮ್ಮ ಅದರ ಮೇಲೆ ಶಾಯಿ ಇಳಿಯುವವರೆಗೂ ಗೀಚಿದಳು, ಆಮೇಲೆ ಫಾರಮ್ಮಿನ ಕಡೆಗೆ ತಿರುಗಿ, "ಇನ್ನೊಂದ್ಸಲ ಓದಿ" ಎಂದಳು.