ಒತ್ತಿ ಹಿಡಿದ ಎರಡು ಬಟನ್

ರಾಮನಗರದ ಸೈಬರ್ ಸೆಂಟರಲ್ಲಿ ನನ್ನ ಪಕ್ಕ ಕೂತು ಆನ್‌ಲೈನ್ ಆಟ ಆಡ್ತಿದ್ದ ರೇಷ್ಮೆಗೂಡಿನ ವ್ಯಾಪಾರಿಗೆ ಫೋನ್ ಬಂತು. "ಒಸಿ ನೋಡ್ಕಳಣ್ಣ. ರಾಕ್ಷಸ ಬಂದ್ರೆ ನೆಗೆಯೋ ಬಟನ್ನು, ಹೊಡೆಯೋ ಬಟನ್ನು ಎರಡೂ ಒಟ್ಟಿಗೇ ಒತ್ತು. ಸತ್ರೆ ನನ್ನ ಚಿನ್ನದ ಕತ್ತಿ ಹೋಯ್ತದೆ" ಅಂತ ಹೇಳಿ ಆಚೆ ಹೋದ.

ನನ್ನ ಕೆಲಸವೇ ಅದು. ಬಿಡದಿ ಫ್ಯಾಕ್ಟರೀಲಿ ಎರಡು ಕೈಲೂ ಎರಡು ಬಟನ್ ಒತ್ತಿ ಹಿಡಿದರೇನೇ ಪ್ರೆಸ್ ಮೆಷಿನ್ ಕೆಳಗಿಳಿಯೋದು. ಬೆರಳು ಒಳಗೆ ಸಿಗಬಾರದು ಅಂತ ಹಂಗೆ ಮಾಡವ್ರೆ.

ರಾಕ್ಷಸ ಬಂದ. ಒತ್ತಿ ಹಿಡಿದೆ.

ವ್ಯಾಪಾರಿ ಓಡಿ ಬಂದ. "ಕೈ ಬುಡಣ್ಣೋ! ಬುಟ್ರೇನೇ ಕತ್ತಿ ಬೀಸೋದು!"

"ಇರಪ್ಪ, ಇನ್ನೂ ಇಳಿದಿಲ್ಲ" ಅಂದೆ.

ರಾಕ್ಷಸನ ಗದೆ ಇಳೀತು. ಕತ್ತಿ ಹೋಯ್ತು.

"ಇಷ್ಟು ವರ್ಷ ಆದ್ರೂ ಹತ್ತೂ ಉಳ್ಕಂಡವೆ ನೋಡಪ್ಪ" ಅಂತ ಬೆರಳು ತೋರಿಸಿದೆ. ಅವನಿಗೇನೂ ಸಮಾಧಾನ ಆದಂಗೆ ಕಾಣ್ಲಿಲ್ಲ.