ಕೆಳಮನೆಯ ಮಿಸ್ ಮತ್ತು ಎರಡು ಚಮಚ ಕೋಸಂಬರಿ

ಕಳೆದ ತಿಂಗಳು ಲ್ಯಾಬಿನಲ್ಲಿ ರಕ್ತ ಕೊಡಲು ಕುಳಿತಿದ್ದೆ. ನರ್ಸ್ ಹತ್ತಿಗೆ ಸ್ಪಿರಿಟ್ ಹಾಕಿ ಮೊಣಕೈಯ ಒಳಬದಿ ಒರೆಸಿದರು. ಮೂಗಿಗೆ ಹತ್ತುವ ಆ ತಣ್ಣನೆಯ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯಿತು. "ಭಯಾನಾ ಮೇಡಂ?" ಎಂದರು ಆಕೆ. ವಿಜಯನಗರದಲ್ಲಿ ನಮ್ಮ ಕೆಳಮನೆಯ ಗ್ರಿಲ್ ಬಾಗಿಲಿನ ಚಿಲಕ ಸದಾ ಇದೇ ವಾಸನೆ ಹೊಡೆಯುತ್ತಿತ್ತು.

ನಾವು ಮಹಡಿಯ ಮನೆಗೆ ಬಾಡಿಗೆಗೆ ಬಂದಾಗ ಊರಿನಲ್ಲಿ ಕೊರೊನಾ ಮುಗಿದಿತ್ತು, ಕೆಳಮನೆಯಲ್ಲಿ ಮುಗಿದಿರಲಿಲ್ಲ. ಅಲ್ಲಿ ಅಕ್ಕತಂಗಿಯರಿಬ್ಬರೇ ಇದ್ದರು. ತಂಗಿ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳಿದವರು, ಇಡೀ ಬೀದಿಗೆ 'ಮಿಸ್'. ಅವರ ಎರಡೂ ಕಿಡ್ನಿ ಕೆಟ್ಟಾಗ ಅಕ್ಕ ತಮ್ಮದೊಂದನ್ನು ಕೊಟ್ಟಿದ್ದರು. ಮೈ ಅದನ್ನು ಹೊರಗಿನದೆಂದು ತಿಳಿದು ದಾಳಿ ಮಾಡಬಾರದೆಂದು, ರೋಗದ ವಿರುದ್ಧ ಹೋರಾಡುವ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆಗಳನ್ನು ಮಿಸ್ ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ತಪ್ಪದೆ ನುಂಗಬೇಕಿತ್ತು.

ಬೀದಿಯವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಯಾರಾದರೊಬ್ಬರು ಅಮೃತಬಳ್ಳಿ ಕಷಾಯ ತಂದು ಗ್ರಿಲ್ ಮುಂದೆ ನಿಲ್ಲುತ್ತಿದ್ದರು. ಅಕ್ಕ ಕೈಮುಗಿದು ವಾಪಸ್ ಕಳಿಸುತ್ತಿದ್ದರು. ಒಳಗಿನಿಂದ ಮಿಸ್ ನಗುತ್ತಿದ್ದರು. "ಊರಿಗೆಲ್ಲ ಇಮ್ಯುನಿಟಿ ಜಾಸ್ತಿ ಆಗ್ಬೇಕು, ನನಗೊಬ್ಬಳಿಗೆ ಕಮ್ಮಿ ಆಗ್ಬೇಕು. ನಂದು ಯಾವಾಗ್ಲೂ ವಿರೋಧ ಪಕ್ಷ ಕಣೇ."

ಅಕ್ಕನ ನಿಯಮಗಳು ಒಂದೊಂದೂ ಸರಿಯೇ ಆಗಿದ್ದವು. ನೀರು ಕುದಿಯತೊಡಗಿದ ಮೇಲೆ ಹತ್ತು ನಿಮಿಷ ಒಲೆಯ ಮೇಲೆಯೇ ಇರಬೇಕು. ಹಣ್ಣೆಂದರೆ ಸಿಪ್ಪೆ ಸುಲಿಯುವಂಥದ್ದು ಮಾತ್ರ. ಹಸಿ ತರಕಾರಿ ಇಲ್ಲ, ಹೊರಗಿನ ಊಟ ಇಲ್ಲ, ಮುಡಿಯಲು ಹೂವಿಲ್ಲ. ಮಣ್ಣಿನಲ್ಲಿ ಬೂಷ್ಟು ಇರುತ್ತದೆಂದು ತುಳಸಿ ಕುಂಡ ನಮ್ಮ ಮಹಡಿಗೆ ಬಂದಿತ್ತು. ಪಕ್ಕದ ಗೋಡೆಗೂ ಇವರ ಕಿಟಕಿಗೂ ನಡುವಿನ ಸಂದಿಯಲ್ಲಿ ಪಾರಿವಾಳಗಳು ಹಿಕ್ಕೆ ಹಾಕುತ್ತಿದ್ದರಿಂದ ಆ ಕಿಟಕಿಗೆ ಟೇಪು ಬಿದ್ದಿತ್ತು. ಬಂದವರು ಚಿಲಕ ಮುಟ್ಟಿದರೆ, ಅವರು ಮೆಟ್ಟಿಲಿಳಿಯುವ ಮೊದಲೇ ಅಕ್ಕ ಸ್ಪಿರಿಟ್ ಬಟ್ಟೆಯಿಂದ ಒರೆಸುತ್ತಿದ್ದರು.

ಮಿಸ್ ಒಮ್ಮೆ ಗೊಣಗಿದಾಗ ಅಕ್ಕ ನನ್ನೆದುರೇ ಹೇಳಿದ್ದರು: "ನಿನ್ನ ಹೊಟ್ಟೇಲಿರೋದು ನಂದು. ಹಾಳು ಮಾಡೋಕೆ ಬಿಡಲ್ಲ."

ಮಿಸ್ ತಕ್ಷಣ, "ಕೊಟ್ಟ ಮೇಲೆ ಬಾಡಿಗೆದಾರರ ಮನೆಗೆ ದಿನಾ ಬಂದು ಗೋಡೆ ನೋಡ್ಬಾರ್ದು ಅಕ್ಕಾ," ಎಂದಿದ್ದರು. ಇಬ್ಬರೂ ನಕ್ಕಿದ್ದರು. ಆದರೆ ಅಕ್ಕ ಎದ್ದು ಒಳಹೋದ ಮೇಲೆ ಮಿಸ್ ಗ್ರಿಲ್ಲಿನ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೀದಿ ನೋಡುತ್ತ ನಿಂತರು... ಎಷ್ಟು ಹೊತ್ತು ಎಂದು ನನಗೆ ನೆನಪಿಲ್ಲ. ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದ ನಾನು ಆ ಕೈಗಳನ್ನೇ ನೋಡುತ್ತಿದ್ದೆ.

ಎರಡನೆಯ ವರ್ಷದ ರಾಮನವಮಿ. ಬೀದಿಯ ತುದಿಯ ದೇವಸ್ಥಾನದ ಮುಂದೆ ಶಾಮಿಯಾನ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಿದ್ದರು. ಮಧ್ಯಾಹ್ನ ಅಕ್ಕ ತಂಗಿಯ ರಕ್ತಪರೀಕ್ಷೆಯ ರಿಪೋರ್ಟ್ ತರಲು ರಾಜಾಜಿನಗರಕ್ಕೆ ಹೋದರು. ಬಸ್ಸಿನಲ್ಲಿ ಹೋಗಿ ಬರಲು ಒಂದೂವರೆ ಗಂಟೆಯಾದರೂ ಬೇಕಿತ್ತು. ಅವರು ತಿರುವು ದಾಟುತ್ತಲೇ ಮಿಸ್ ಕೆಳಗಿನಿಂದ ನನ್ನನ್ನು ಕೂಗಿದರು.

"ಎರಡೇ ಎರಡು ಚಮಚ ಕೋಸಂಬರಿ ತಂದ್ಕೊಡೇ."

"ನಾನೇ ಮಾಡ್ಕೊಡ್ತೀನಿ ಮಿಸ್. ಬೇಳೆ ಬೇಯಿಸಿ..."

"ಬೇಯಿಸಿದ್ರೆ ಅದು ಪಲ್ಯ ಕಣೇ."

"ಅಕ್ಕಂಗೆ ಗೊತ್ತಾದ್ರೆ ನನ್ನನ್ನ ಸುಮ್ನೆ ಬಿಡ್ತಾರಾ?"

"ದೇವರ ಪ್ರಸಾದಾನ ಬೇಡ ಅನ್ನೋಕೆ ನೀನ್ಯಾರು, ಅವಳ್ಯಾರು? ಎರಡು ವರ್ಷದಿಂದ ಮೈಕಿನಲ್ಲಿ ಮಂಗಳಾರತಿ ಕೇಳಿಸ್ಕೊಂಡು ಒಳಗೇ ಕೈಮುಗೀತಾ ಇದೀನಿ. ಇವತ್ತೊಂದು ದಿನ..." ಎಂದು ನಿಲ್ಲಿಸಿದರು. ತಮಾಷೆಯ ದನಿ ಹೋಗಿತ್ತು.

ಕೊಟ್ಟ ಪ್ರಸಾದವನ್ನು ಬೇಡ ಎನ್ನದೆ ಬೆಳೆದವಳು ನಾನು. ಸಾಲಿನಲ್ಲಿ ನಿಂತೆ. ದೊಡ್ಡ ಪಾತ್ರೆಯಲ್ಲಿ ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ಕಾಯಿತುರಿ. ಬಡಿಸುತ್ತಿದ್ದವರು ಬೆವರುತ್ತಿದ್ದರು. ಅವರ ಕೈ ನೋಡಿದೆ, ಪಕ್ಕದ ನೀರಿನ ಡ್ರಮ್ಮು ನೋಡಿದೆ, ಆದರೂ ದೊನ್ನೆ ಮುಂದೆ ಚಾಚಿದೆ. ಮನೆಗೆ ಬಂದು ಸ್ಟೀಲ್ ಬಟ್ಟಲೊಂದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ದೊನ್ನೆಯಲ್ಲಿದ್ದುದನ್ನು ಅದಕ್ಕೆ ಸುರಿದು, ಚಮಚವನ್ನೂ ಹಾಗೇ ಅದ್ದಿ ತೆಗೆದು ಕೊಟ್ಟೆ. ಪಾತ್ರೆ ಶುದ್ಧವಾದರೆ ಒಳಗಿನದೂ ಶುದ್ಧವಾಯಿತೆಂದು ಆ ಹೊತ್ತಿಗೆ ನಿಜವಾಗಿಯೂ ನಂಬಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಮಿಸ್ ನನ್ನೆದುರೇ ತಿಂದು, ಬಟ್ಟಲು ವಾಪಸ್ ಕೊಟ್ಟರು.

ಮೂರನೆಯ ದಿನ ವಾಂತಿ, ಭೇದಿ, ಜ್ವರ. ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಕಾರಿಡಾರಿನಲ್ಲಿ ದೊಡ್ಡ ಡಾಕ್ಟರು ಅಕ್ಕನನ್ನು ಕೇಳಿದರು, "ಹೊರಗಡೆದು ಏನಾದ್ರೂ ತಿಂದಿದ್ರಾ? ಹಸಿ ಪದಾರ್ಥ?"

"ಇಲ್ಲ ಡಾಕ್ಟ್ರೇ. ಒಂದು ತುತ್ತೂ ಇಲ್ಲ. ನಾನೇ ನೋಡ್ಕೋತೀನಿ," ಎಂದರು ಅಕ್ಕ. ಆ ಮಾತಿನಲ್ಲಿ ಹೆಮ್ಮೆ ಇತ್ತು. ನಾನು ಅವರಿಂದ ಎರಡು ಅಡಿ ಹಿಂದೆ ನಿಂತಿದ್ದೆ. ಬಾಯಿ ತೆರೆದೆ. ಅಕ್ಕ ತಿರುಗಿ, "ಇವಳನ್ನೇ ಕೇಳಿ ಬೇಕಾದ್ರೆ," ಎಂದರು. ಅವರು ಹೇಳಿದ್ದು ನಿಜವೆಂಬಂತೆ ನಾನು ತಲೆಯಾಡಿಸಿದೆ.

ಮರುದಿನ ಬೆಳಗ್ಗೆ ಅಕ್ಕ ಮುಖ ತೊಳೆಯಲು ಹೋಗಿದ್ದಾಗ ಚಿಕ್ಕ ಡಾಕ್ಟರೊಬ್ಬರನ್ನು ಹಿಡಿದು ಎಲ್ಲ ಹೇಳಿದೆ. ಅವರು ತಲೆ ಎತ್ತದೆ ಬರೆದುಕೊಂಡರು. "ಇದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ನೀರಿಂದ ಬರಬಹುದು, ಯಾರೋ ಕೈ ತೊಳೀದೆ ಮುಟ್ಟಿದ್ರೂ ಬರಬಹುದು. ಆದ್ರೆ ನಿನ್ನೇನೇ ಹೇಳಿದ್ರೆ ಚೆನ್ನಾಗಿರ್ತಿತ್ತು," ಎಂದರು. ಒಂದು ದಿನ ಎಷ್ಟು ವ್ಯತ್ಯಾಸ ಮಾಡುತ್ತಿತ್ತೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಹೊಟ್ಟೆಯಲ್ಲಿ ಮಾತ್ರೆ ನಿಲ್ಲದೆ ಕಿಡ್ನಿ ಸೋಲತೊಡಗಿತು, ಆಮೇಲೆ ಸೋಂಕು ಎದೆಗೆ ಇಳಿಯಿತು. ಹನ್ನೊಂದನೆಯ ದಿನ ಮಿಸ್ ಹೋದರು.

ಅಕ್ಕ ಅದೇ ಮನೆಯಲ್ಲಿ ಉಳಿದರು. ನೀರು ಆಮೇಲೂ ಹತ್ತು ನಿಮಿಷ ಕುದಿಯುತ್ತಿತ್ತು. ಕಿಟಕಿಯ ಟೇಪು ಹಾಗೇ ಇತ್ತು. ನಾನು ದಿನಾ ಮೆಟ್ಟಿಲು ಇಳಿದು ಹತ್ತುತ್ತಿದ್ದೆ. ಮನೆ ಬದಲಾಯಿಸೋಣ ಎಂದು ನನ್ನ ಗಂಡ ಎರಡು ಬಾರಿ ಹೇಳಿದರೂ ಒಪ್ಪಲಿಲ್ಲ. ಹೇಳದೆ ಹೋಗುವಂತಿರಲಿಲ್ಲ, ಹೇಳಿ ಅಲ್ಲಿರುವಂತೆಯೂ ಇರಲಿಲ್ಲ...

ಲ್ಯಾಬಿನಿಂದ ಬಂದ ಆ ದಿನ ನೇರವಾಗಿ ಮಹಡಿಗೆ ಹೋಗದೆ ಕೆಳಮನೆಯ ಮುಂದೆ ನಿಂತೆ. ಅಕ್ಕ ಕುರ್ಚಿ ಹಾಕಿದರು. ಏನೇನೋ ಮಾತಾಡುತ್ತ, "ಒಂದಿನ ಕರೆಂಟ್ ಹೋಗಿತ್ತು ನೋಡು, ಗಡಿಯಾರ ಕಾಣಿಸ್ದೆ ಅಂದಾಜಲ್ಲಿ ನೀರು ಇಳಿಸ್ಬಿಟ್ಟೆ. ಅದೇ ಇರ್ಬೇಕು ಕಣೇ. ಹತ್ತು ನಿಮಿಷ ಆಗಿರ್ಲಿಲ್ಲ," ಎಂದರು. ಇಷ್ಟು ವರ್ಷ ಅವರು ತಮ್ಮ ತಪ್ಪನ್ನು ಹುಡುಕುತ್ತಿದ್ದರು ಎಂದು ನನಗೆ ಆಗ ತಿಳಿಯಿತು.

ನಾನು ಹೇಳಿದೆ. ಸಾಲು, ದೊನ್ನೆ, ಬಟ್ಟಲು, ಕಾರಿಡಾರಿನಲ್ಲಿ ಆಡಿಸಿದ ತಲೆ, ಎಲ್ಲವನ್ನೂ.

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ಅವನ ದನಿ ತಿರುವಿನಲ್ಲಿ ನಿಂತ ಮೇಲೆ ಅಕ್ಕ ಕೇಳಿದರು, "ತಿಂದಾಗ ಏನಂದ್ಲು?"

"ಉಪ್ಪು ಸ್ವಲ್ಪ ಕಮ್ಮಿ ಅಂದ್ರು. ಆದ್ರೂ ಬಟ್ಟಲಿಗೆ ಬೆರಳು ಹಾಕಿ ಪೂರ್ತಿ ತಿಂದ್ರು."

"ಅವಳು ಹಾಗೇನೇ," ಎಂದರು ಅಕ್ಕ. ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಆಮೇಲೆ ಎದ್ದು, ಒಳಗಿನಿಂದ ಚಿಲಕ ಹಾಕಿಕೊಂಡು, "ಇನ್ಮೇಲೆ ಬರಬೇಡಮ್ಮ," ಎಂದರು. ಅಷ್ಟು ದಿನ 'ಕಣೇ' ಎಂದು ಮಾತಾಡಿಸುತ್ತಿದ್ದವರು ಅಂದು 'ಅಮ್ಮ' ಎಂದರು.

ನಾನು ಹೋಗುತ್ತಿಲ್ಲ. ಬೆಳಗ್ಗೆ ಅವರು ಅಂಗಳಕ್ಕೆ ನೀರು ಹಾಕುವ ಸದ್ದು ಮೇಲೆ ಕೇಳಿಸುತ್ತದೆ. ಆ ಸದ್ದು ನಿಂತು, ಅವರು ಒಳಗೆ ಹೋಗುವವರೆಗೆ ನಾನು ಬಾಗಿಲ ಹಿಂದೆ ಬ್ಯಾಗು ಹಿಡಿದು ಕಾಯುತ್ತೇನೆ. ಆಮೇಲೆ ಮೆಟ್ಟಿಲು ಇಳಿಯುತ್ತೇನೆ.