ಹಾರ್ನಪ್ಪ ತೋರಿಸಿದ ಅರಮನೆ

ಪ್ರವಾಸದ ಬಸ್ಸು ಓಡಿಸುವ ಈ ಮಹಾಶಯನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಲೈಸೆನ್ಸಿನೊಳಗೆ ಬೆಚ್ಚಗೆ ಮಲಗಿದೆ. ಊರಿಗೆಲ್ಲ ಅವನು ಹಾರ್ನಪ್ಪ. ಜನ ಕೋಟೆಯ ಮೆಟ್ಟಿಲು ಅರ್ಧ ಹತ್ತಿರುವುದಿಲ್ಲ, ಕೆಳಗಿನಿಂದ ಹಾರ್ನು. ಜಿಂಕೆ ಪಾರ್ಕಿನ ಬೆಂಚಿನಲ್ಲಿ ಅಜ್ಜಿಯೊಬ್ಬಳು ಉಸ್ಸೆಂದು ಕೂರುವಷ್ಟರಲ್ಲಿ ಹಾರ್ನು. ಕೋಟೆ, ಪಾರ್ಕು, ಅರಮನೆಯ ಮ್ಯೂಸಿಯಂ, ಎಲ್ಲವನ್ನೂ ಒಂದೇ ದಿನದಲ್ಲಿ ಜನರ ಕಣ್ಣಿಗೆ ಸವರಿ ಮನೆಗೆ ಅಟ್ಟುವುದರಲ್ಲಿ ಅವನದು ಎತ್ತಿದ ಕೈ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಕೆಲಸವೇ ಇರಲಿಲ್ಲ. ಮನೆಗೆ ಬಂದು ಕಾಲು ಚಾಚಿದನೆಂದರೆ ಅವನ ಬಾಯಲ್ಲಿ ಇತಿಹಾಸ ಶುರುವಾಗುತ್ತಿತ್ತು. "ರಾಜ, ರಾಜ ಅಂತ ಬಡ್ಕೋತಾರೆ. ಅವನ ಮಂಚ ನೋಡ್ಬೇಕು ನೀನು! ನಮ್ಮ ಮಗು ಮಲಗೋವಷ್ಟೂ ಇಲ್ಲ. ಅಷ್ಟು ಕುಳ್ಳ!"

ಹೆಂಡತಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಪಾಪ, ಅವಳಿಗೇನು ಗೊತ್ತು? ಹಾರ್ನಪ್ಪ ಇಷ್ಟು ವರ್ಷಗಳಲ್ಲಿ ಯಾವ ಕೋಟೆಯ ಮೆಟ್ಟಿಲನ್ನೂ ಹತ್ತಿದವನಲ್ಲ, ಯಾವ ಮ್ಯೂಸಿಯಮ್ಮಿನ ಹೊಸಿಲನ್ನೂ ದಾಟಿದವನಲ್ಲ. ಜನ ಇಳಿದ ಕೂಡಲೇ ಅವನ ಮುಖದ ಮೇಲೆ ಟವೆಲ್ಲು ಬೀಳುತ್ತಿತ್ತು. ಸುಸ್ತಾಗಿ ಮರಳಿದವರು ಸೀಟಿನಲ್ಲಿ ಕೂತು ಗೊಣಗಿದ್ದೇ ಅವನ ಪಾಂಡಿತ್ಯ.

ಆ ಪಾಂಡಿತ್ಯವನ್ನೇ ನಂಬಿ ಹೆಂಡತಿ ತನ್ನ ಅಕ್ಕನೆದುರು ತಲೆಯೆತ್ತಿ ಓಡಾಡುತ್ತಿದ್ದಳು. ಅಕ್ಕನ ಗಂಡ, ಅಂದರೆ ಹಾರ್ನಪ್ಪನ ಷಡ್ಡಕ, ಕಾಲೇಜೊಂದರಲ್ಲಿ ಗುಮಾಸ್ತ. ನಡಿಗೆ ಮಾತ್ರ ಪ್ರಿನ್ಸಿಪಾಲರದು. ಹಾರ್ನಪ್ಪನನ್ನು "ಡ್ರೈವರ್ ಸಾಹೇಬ್ರು" ಎಂದೇ ಕರೆಯುವವನು. ಹಾಗೆ ಕರೆದಾಗಲೆಲ್ಲ ಹೆಂಡತಿ ತಿರುಗೇಟು ಕೊಡುತ್ತಿದ್ದಳು: "ಭಾವ ಓದಿರಬಹುದು ಕಣಕ್ಕ. ನಮ್ಮವರು ಕಣ್ಣಾರೆ ನೋಡಿದ್ದಾರೆ." ಅವಳಿಗಿದ್ದದ್ದು ಅದೊಂದೇ ಹೆಮ್ಮೆ.

ಒಂದು ರಜೆಯಲ್ಲಿ ಅಕ್ಕ, ಭಾವ ಇಬ್ಬರೂ ಅದೇ ಬಸ್ಸಿಗೆ ಸೀಟು ಹಿಡಿದು ಬಂದರು. ತಂಗಿಯೂ ಹತ್ತಿದಳು. ಅವತ್ತೇ ಬಸ್ಸಿನ ಗೈಡಿಗೆ ಗಂಟಲು ಕಟ್ಟಿ ಅವನು ಬರಲಿಲ್ಲ.

"ಗೈಡ್ ಯಾಕ್ರೀ? ನಮ್ಮವರಿಲ್ವಾ?" ಎಂದು ಹೆಂಡತಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿಬಿಟ್ಟಳು.

ಕೋಟೆಯಲ್ಲಿ ಹಾರ್ನಪ್ಪ ಹೇಗೋ ಪಾರಾದ. "ಮೇಲೆ ಗಾಳಿ ಚೆನ್ನಾಗಿದೆ, ಹೋಗ್ಬನ್ನಿ, ನಾನು ಗಾಡಿ ಕಾಯ್ತೀನಿ" ಎಂದ. ಪಾರ್ಕಿನಲ್ಲಿ, "ಜಿಂಕೆ ಬಗ್ಗೆ ಹೇಳೋಕೇನಿದೆ, ಜಿಂಕೆ ಜಿಂಕೇನೇ" ಎಂದ. ಮ್ಯೂಸಿಯಮ್ಮಿನ ಹತ್ತಿರ ಮಾತ್ರ ಹೆಂಡತಿ ಅವನ ತೋಳು ಹಿಡಿದು ಕೆಳಗಿಳಿಸಿದಳು.

ಬಸ್ಸು ನಿಲ್ಲುವುದು ಅರಮನೆಯ ಹಿಂದಿನ ಮೈದಾನದಲ್ಲಿ. ಗೈಡು ದಿನಾ ಜನರನ್ನು ಮೂಲೆ ಸುತ್ತಿಸಿ ಮುಂದುಗಡೆಗೆ ಕರೆದೊಯ್ಯುತ್ತಿದ್ದ. ಆಗ ಹಾರ್ನಪ್ಪನ ಕಣ್ಣ ಮೇಲೆ ಟವೆಲ್ಲು. ಟವೆಲ್ಲು ತೆಗೆದಾಗ ಅವನಿಗೆ ಕಾಣುತ್ತಿದ್ದದ್ದು ಜನ ಹೊರಬರುವ ಹಿಂಬಾಗಿಲು ಒಂದೇ. ಅರಮನೆಗೆ ಅದೇ ಬಾಗಿಲೆಂದು ನಂಬಿದ್ದ ಪುಣ್ಯಾತ್ಮ, ಎಲ್ಲರನ್ನೂ ಅದರೊಳಗೇ ನುಗ್ಗಿಸಿದ.

ಮೊದಲ ಕೋಣೆಯಲ್ಲಿ ರಾಜ ಕಣ್ಣು ಮುಚ್ಚಿ ಮಲಗಿದ ಚಿತ್ರ, ಸುತ್ತ ಅಳುವ ಮಂದಿ.

"ಇದೇನ್ ಡ್ರೈವರ್ ಸಾಹೇಬ್ರೇ, ನಾವು ಬರೋಷ್ಟರಲ್ಲಿ ಹೋಗ್ಬಿಟ್ರಾ?" ಎಂದ ಷಡ್ಡಕ.

"ಇಲ್ಲ ಇಲ್ಲ, ಸ್ವಲ್ಪ ಕಾಯಿಲೆ."

ಎರಡನೆಯ ಕೋಣೆಯಲ್ಲಿ ರಾಜ ಕತ್ತಿ ಹಿಡಿದು ಕುದುರೆಯ ಮೇಲೆ ಕೂತಿದ್ದ. ಹಾರ್ನಪ್ಪನಿಗೆ ಹೋದ ಜೀವ ಬಂತು. "ನೋಡಿ, ಹುಷಾರಾದ್ರು!"

ಮೂರನೆಯದರಲ್ಲಿ ಮದುವೆ. "ಹುಷಾರಾದ್ಮೇಲೆ ಮದುವೆ." ಎದುರಿನಿಂದ ಬರುತ್ತಿದ್ದ ಜನ ಇವರಿಗೆ ಡಿಕ್ಕಿ ಹೊಡೆಯುತ್ತಿದ್ದರು. "ದಾರಿ ಗೊತ್ತಿಲ್ಲದವರು" ಎಂದು ಹಾರ್ನಪ್ಪ ಅವರಿಗೇ ಮೂಗು ಮುರಿದ.

ಕೊನೆಯ ಕೋಣೆಯಲ್ಲಿ ಗಾಜಿನ ಹಿಂದೆ ಒಂದು ಪುಟ್ಟ ಬೆಳ್ಳಿಯ ಮಂಚ. ಹಾರ್ನಪ್ಪನ ಎದೆ ಉಬ್ಬಿತು. "ಹೇಳಿರ್ಲಿಲ್ವಾ? ಇದೇ ರಾಜನ ಮಂಚ!"

ಷಡ್ಡಕ ಕನ್ನಡಕ ಏರಿಸಿ ಫಲಕವನ್ನು ಗಟ್ಟಿಯಾಗಿ ಓದಿದ: "ಮಹಾರಾಜರು ಹುಟ್ಟಿದಾಗ ಮಲಗಿಸಿದ ತೊಟ್ಟಿಲು."

ಅಷ್ಟರಲ್ಲಿ ಟೀ ಕುಡಿಯಲು ಹೋಗಿದ್ದ ಹಿಂಬಾಗಿಲ ಕಾವಲುಗಾರ ಓಡಿ ಬಂದ. "ಯಾರ್ರೀ ಅದು ಹಿಂದಿನಿಂದ ನುಗ್ಗಿದ್ದು? ಓ! ಬಸ್ಸಲ್ಲಿ ಟವೆಲ್ ಹೊದ್ದು ಮಲಗೋ ಮಾಮ! ಇಷ್ಟು ವರ್ಷಕ್ಕೆ ಒಳಗೆ ಬಂದ್ರಲ್ಲಪ್ಪಾ!"

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ಸೋರಿತು. ತಂಗಿ ಸೆರಗು ಬಿಗಿದು ಭಾವನೆದುರು ನಿಂತಳು.

"ಭಾವ, ಎಲ್ಲರನ್ನೂ ಬಸ್ಸಿಗೆ ಕರ್ಕೊಂಡು ಹೋಗಿ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ರೀ, ಬನ್ನಿ ಹೊರಗೆ. ಮುಂಬಾಗಿಲಿಂದ ಮತ್ತೆ ಶುರು ಮಾಡೋಣ" ಎಂದಳು.

ತೊಟ್ಟಿಲಿನಿಂದ ಸಾವಿನವರೆಗೆ ಒಂದು ಫಲಕವನ್ನೂ ಬಿಡದೆ ಓದಿಸಿದಳು. ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ, ಗಟ್ಟಿಯಾಗಿ. ಹೊರಗೆ ಷಡ್ಡಕ ಡ್ರೈವರ್ ಸೀಟಿನಲ್ಲಿ ಕೂತು ಹಾರ್ನು ಹೊಡೆಯತೊಡಗಿದ್ದ. ಹಾರ್ನಪ್ಪನ ಜೀವ ಕಿತ್ತುಕೊಂಡು ಬಂತು.

"ಕರೀತಿದ್ದಾರೆ ಕಣೇ!"

"ಕರೀಲಿ. ಅಜ್ಜಿಯಂದಿರನ್ನ ನೀವು ಬೆಂಚಿಂದ ಎಬ್ಬಿಸ್ತಿರ್ಲಿಲ್ವಾ? ಓದಿ."

ಬಸ್ಸಿಗೆ ಮರಳಿದಾಗ ಜನವೆಲ್ಲ ಬಿಸಿಲಲ್ಲಿ ಬೆಂದು ಕೆಂಡವಾಗಿದ್ದರು. ಹಾರ್ನಪ್ಪ ಸೀಟಿಗೆ ಕುಸಿದು ಮೊಣಕಾಲು ಒತ್ತಿಕೊಂಡ.

"ಅಯ್ಯಪ್ಪಾ, ಕಾಲು ಬಿದ್ದುಹೋಯ್ತು. ಏನಿದೆ ಅಂತ ಹೋಗ್ತಾರೋ ಅದರೊಳಗೆ!"

"ಇನ್ಮೇಲೆ ಮನೆಗೆ ಬಂದು ಅದನ್ನೇ ಹೇಳಿ" ಎಂದಳು ಹೆಂಡತಿ, ಅಕ್ಕನ ಪಕ್ಕದಲ್ಲಿ ಕೂರದೆ ಹಿಂದಿನ ಸೀಟಿಗೆ ಹೋಗುತ್ತಾ. "ಅದೊಂದಾದ್ರೂ ನಿಮ್ಮ ಸ್ವಂತದ್ದು."